ತಟ್ಟೆ ಇಳಿಸಿ ಬಂದ ಕೈ

ಇಂಥದ್ದನ್ನೆಲ್ಲ ನಂಬುವ ಪೈಕಿಯವಳಲ್ಲ ನಾನು. ಅತ್ತೆಯಂದಿರು ಕೂತು ದೆವ್ವ ಕಂಡದ್ದು, ಕನಸಿನಲ್ಲಿ ಯಾರೋ ಬಂದು ಹೇಳಿದ್ದು ಎಂದು ಶುರುಮಾಡಿದರೆ ಕಾಫಿ ಲೋಟ ಎತ್ತಿಕೊಂಡು ಎದ್ದುಹೋಗುತ್ತಿದ್ದೆ. ದಿನವಿಡೀ ಸ್ಟೀಲು ಕತ್ತರಿಸಿ ಬೆಸೆಯುವವಳು ನಾನು, ಲೋಹಕ್ಕೆ ಮನಸ್ಸು ಗಿನಸ್ಸು ಇಲ್ಲ ಎಂಬುದು ಚೆನ್ನಾಗಿ ಗೊತ್ತು. ಈಗ ಹೇಳುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ಆದರೆ ಅದನ್ನು ನೆನೆದಾಗಲೆಲ್ಲ ನನಗೆ ಹೆದರಿಕೆ ಆಗುವುದಿಲ್ಲ, ಸಿಟ್ಟು ಬರುತ್ತದೆ.

ಚೆನ್ನೈಯ ವಡಪಳನಿಯಲ್ಲಿ ಸಿನಿಮಾ ಸೆಟ್ಟುಗಳಿಗೆ ಫೈಬರ್ ಕಂಬ, ಫೈಬರ್ ಆನೆ ಮಾಡುತ್ತ ಕೆಲಸ ಕಲಿತವಳು ನಾನು. ಶೂಟಿಂಗ್ ಮುಗಿದ ಮರುದಿನವೇ ಅವನ್ನು ಒಡೆದು ಹಾಕುತ್ತಿದ್ದರು. ಯಾರೂ ಒಡೆಯಲಾಗದ್ದನ್ನು ಮಾಡಬೇಕೆಂಬ ಹಟದಿಂದ ಸ್ಟೀಲಿಗೆ ಬಂದೆ. ಒಂದು ಆಸ್ಪತ್ರೆಯ ಅಂಗಳಕ್ಕೆ ಬೇವಿನ ಮರ, ಒಂದು ಕಾಲೇಜಿಗೆ ಮೀನುಬಲೆ, ಹೀಗೆ ಕೆಲಸಗಳು ದೊಡ್ಡದಾಗುತ್ತ ಹೋದವು. ಕೊನೆಗೆ ಅಣ್ಣಾ ನಗರದ ಹೊಸ ಶಾಪಿಂಗ್ ಕಟ್ಟಡದವರು ಒಳಾಂಗಣಕ್ಕೆ ಮಹಡಿ ಮುಟ್ಟುವಷ್ಟು ಎತ್ತರದ್ದೊಂದು ಬೇಕು, ನಿಮ್ಮಿಷ್ಟದ್ದೇ ಮಾಡಿ ಎಂದರು. ನಾನು ಅಪ್ಪನ ಕೈ ಮಾಡಿದೆ.

ಅಪ್ಪ ಕುಂದಾಪುರದ ಕಡೆಯಿಂದ ಬಂದು ಇಲ್ಲಿಯ ಹೋಟೆಲುಗಳಲ್ಲಿ ಸಪ್ಲೈಯರ್ ಆಗಿಯೇ ಮುದುಕರಾದವರು. ಅಂಗೈಯಿಂದ ಮೊಣಕೈವರೆಗೆ ದೋಸೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಮೇಜುಗಳ ನಡುವೆ ನುಗ್ಗುತ್ತಿದ್ದರು. ಬಿಸಿ ತಗುಲಿ ತಗುಲಿ ಆ ಎಡಗೈಯಲ್ಲಿ ಒಂದು ರೋಮವಿಲ್ಲ. ಅದರ ಅಚ್ಚು ತೆಗೆದು, ಅಳತೆ ಹಿಗ್ಗಿಸಿ, ಮುಚ್ಚಿಹೋದ ಹೋಟೆಲುಗಳ ತಟ್ಟೆ, ಲೋಟ, ಸೌಟುಗಳನ್ನೇ ಬೆಸೆದು ನಿಲ್ಲಿಸಿದೆ. ಅಂಗೈ ಮೇಲೆ ಬೇಕೆಂದೇ ಏನೂ ಇಡಲಿಲ್ಲ. ಎಲ್ಲರಿಗೂ ಬಡಿಸಿ, ತಟ್ಟೆ ಇಳಿಸಿ ಬಂದ ಕೈ ಅದು.

ಸ್ವಲ್ಪ ದಿನಕ್ಕೇ ಕಟ್ಟಡದ ಮ್ಯಾನೇಜರನ ಫೋನು. ಮೈಸೂರು ಕಡೆಯವನು, ಕನ್ನಡದಲ್ಲೇ ಮಾತಾಡಿದ. “ಬೇಜಾರ್ ಮಾಡ್ಕೋಬೇಡಿ ಮೇಡಂ, ಭಿಕ್ಷೆ ಬೇಡೋ ಕೈ ಥರ ಇದೆ ಅಂತ ಅಂಗಡಿಯವ್ರೆಲ್ಲ ಅಂತಿದಾರೆ. ಮಣಿಕಟ್ಟಲ್ಲಿ ಕಟ್ ಮಾಡಿ ತಿರುಗಿಸ್ತೀವಿ. ಪಕ್ಕದಲ್ಲಿ ಫೈಬರ್‌ದು ಇನ್ನೊಂದು ಕೈ ಇಟ್ರೆ ನಮಸ್ಕಾರ ಆಗೋಗತ್ತೆ.”

ಭಿಕ್ಷೆಯಂತೆ, ಭಿಕ್ಷೆ! ಬಡಿಸುವ ಕೈ ಯಾವುದು, ಬೇಡುವ ಕೈ ಯಾವುದು ಎಂದು ತಿಳಿಯದ ಈ ಮಹಾನುಭಾವ ಹುಟ್ಟಿದಾಗಿನಿಂದ ಯಾರ ಕೈಯಿಂದ ದೋಸೆ ತಿಂದಿದ್ದಾನೋ! ಬಾಯಿಗೆ ಬಂದಂತೆ ಬೈದೆ. ಅವನು ತಣ್ಣಗೆ, “ಈಗ ಅದು ನಮ್ದು ಮೇಡಂ” ಎಂದ. ವಕೀಲರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು.

ಕತ್ತರಿಸುವ ದಿನ ಬೆಳಿಗ್ಗೆ, ಅಂಗಡಿಗಳು ತೆರೆಯುವ ಮೊದಲೇ ಹೋದೆ. ಒಂದು ಸಲ ನೋಡಬೇಕೆಂದು ಅಪ್ಪನೂ ಬಂದರು. ಎಲ್ಲರೂ ಮಹಡಿಯ ಮೇಲೆ ಸೇರಿದ್ದರು, ಅಲ್ಲಿಯ ರೇಲಿಂಗಿನಿಂದ ಕೈ ಚಾಚಿದರೆ ಆ ಸ್ಟೀಲಿನ ಅಂಗೈ ಸಿಗುತ್ತದೆ. ಅಡ್ಡ ನಿಂತೇ ತೀರುತ್ತೇನೆ ಎಂದುಕೊಂಡಿದ್ದವಳನ್ನು ಸೆಕ್ಯುರಿಟಿಯವರು ಬದಿಗೆ ತಳ್ಳಿದರು. ವೆಲ್ಡರ್ ಮುರುಗೇಶನ್ ಇನ್ನೂ ಕಟಿಂಗ್ ಮೆಷಿನ್ನಿನ ಪ್ಲಗ್ಗನ್ನೂ ಹಾಕಿರಲಿಲ್ಲ. ಗುರುತು ಮಾಡಲೆಂದು ಮಣಿಕಟ್ಟನ್ನು ಹಿಡಿದವನು ಕಿರುಚಿ ಕೈ ಕಿತ್ತುಕೊಂಡ.

“ಅಯ್ಯೋ, ಸುಡುದು ಸಾರ್! ಸುಡುದು!”

“ನಾಟಕ ಬೇಡ” ಎಂದ ಮ್ಯಾನೇಜರ್. ಆದರೆ ತಾನು ಮಾತ್ರ ಮುಟ್ಟಲಿಲ್ಲ. ನಾನು ಮುಟ್ಟಿದೆ. ಬೆರಳ ತುದಿ ಚುರ್ ಎಂದಿತು, ಒಲೆಯ ಮೇಲಿನ ಕಾವಲಿ ಮುಟ್ಟಿದ ಹಾಗೆ. ಬಿಸಿಲು ಬೀಳುವ ಜಾಗವಲ್ಲ, ಏಸಿ ಓಡುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು ನೋಡಿದ, ಕರೆಂಟಿನ ಸುಳಿವಿಲ್ಲ. ಕೈಯ ಹಿಂಬದಿಯೆಲ್ಲ ತಣ್ಣಗಿತ್ತು. ಅಂಗೈಯಿಂದ ಮೊಣಕೈವರೆಗೆ, ತಟ್ಟೆಗಳು ಕೂರುವ ಭಾಗ ಮಾತ್ರ ಸುಡುತ್ತಿತ್ತು. ನಾನೇ ಏನೋ ಕಿತಾಪತಿ ಮಾಡಿದ್ದೇನೆಂದು ನನ್ನ ಚೀಲವನ್ನೆಲ್ಲ ತಡಕಾಡಿದರು, ನಾಚಿಕೆಗೆಟ್ಟವರು!

ಆಗ ಅಪ್ಪ ಮುಂದೆ ಬಂದು, “ಜಾಗ ಬಿಡಿ, ಜಾಗ ಬಿಡಿ, ಬಿಸಿ ಉಂಟು” ಎಂದರು. ಹೋಟೆಲಿನ ಅದೇ ದನಿ. ಎಲ್ಲರೂ ತಾವಾಗಿಯೇ ಸರಿದರು. ಅಂಗಿಯ ತೋಳು ಮಡಚಿ ತಮ್ಮ ಎಡಗೈಯನ್ನು ಆ ಅಂಗೈ ಮೇಲೆ ಉದ್ದಕ್ಕೆ ಇಟ್ಟೇಬಿಟ್ಟರು. ನಾನು ಚೀರಿಕೊಂಡೆ.

“ಎಂತಕ್ಕೆ ಬೊಬ್ಬೆ ಹಾಕ್ತಿ ಮಗಾ? ದೋಸೆ ತಟ್ಟೆಯಷ್ಟೇ ಉಂಟು” ಎಂದರು ಅಪ್ಪ. ಕೈ ತೆಗೆಯದೆಯೇ ಮ್ಯಾನೇಜರನ ಕಡೆ ತಿರುಗಿ, “ನಿಮ್ಮದು ತಿಂಡಿ ಆಯ್ತಾ?” ಎಂದು ಕೇಳಿದರು. ಅವನು ಫೋನು ಕಿವಿಗಿಟ್ಟುಕೊಂಡು ಲಿಫ್ಟಿನ ಕಡೆ ನಡೆದ.

ಮುರುಗೇಶನ್ ಸಾಮಾನು ಕಟ್ಟಿಕೊಂಡು ಹೊರಟುಹೋದ. ನನ್ನ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು. ಅಪ್ಪನ ಕೈಯಲ್ಲಿ ಒಂದು ಕೆಂಪು ಗುರುತೂ ಇರಲಿಲ್ಲ.

ಕೈ ಉಳಿಯಿತು ಅಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡು ಮನೆಗೆ ಬಂದಿದ್ದೆ. ನಾನು ಊರಲ್ಲಿಲ್ಲದಾಗ ಬೇರೆ ಯಾರನ್ನೋ ಕರೆಸಿ, ದಪ್ಪ ಗ್ಲೌಸು ಹಾಕಿಸಿ ಕತ್ತರಿಸಿದರು. ಆವತ್ತು ಅದು ಬಿಸಿಯಿತ್ತೋ ಇಲ್ಲವೋ ಯಾರೂ ಬಾಯಿ ಬಿಡುವುದಿಲ್ಲ. ಈಗ ಅಲ್ಲಿ ಅಪ್ಪನ ಕೈ ಒಂದು ಫೈಬರ್ ಕೈಯ ಜೊತೆ ಸೇರಿ ಬಂದಬಂದವರಿಗೆಲ್ಲ ಕೈಮುಗಿಯುತ್ತದೆ. ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಪ್ಪ ಮತ್ತೆ ಆ ಕಡೆ ಹೋಗಲೇ ಇಲ್ಲ.

ನಾನು ಹೋಗುತ್ತೇನೆ. ಏನೋ ಕೊಳ್ಳಲು ಬಂದವಳ ಹಾಗೆ ಮಹಡಿ ಹತ್ತಿ, ರೇಲಿಂಗಿನಿಂದ ಕೈ ಚಾಚಿ ಮುಟ್ಟಿ ನೋಡುತ್ತೇನೆ. ಪ್ರತಿಸಲವೂ ತಣ್ಣಗಿರುತ್ತದೆ. ಆವತ್ತು ಅದು ಹೇಗೆ ಕಾದಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ, ತಿಳಿಯುವ ಆಸೆಯೂ ಈಗ ಉಳಿದಿಲ್ಲ. ಆ ಮ್ಯಾನೇಜರ್ ಒಂದು ದಿನ ಅದರ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳಬೇಕು. ಆಗ ಅದು ಇನ್ನೊಮ್ಮೆ, ಒಂದೇ ಒಂದು ಸಲ, ಕಾಯಬೇಕು.