ಭಾವನ ನಡಿಗೆ

ಹಳದಿ ಬಣ್ಣದ ದುಂಡು ಮುಖವೊಂದು ಕಣ್ಣಲ್ಲಿ ನೀರು ಸುರಿಸಿ ನಗುತ್ತಾ ಪರದೆಯ ಮೂಲೆಯಿಂದ ಮೇಲೇರಿ ಮಾಯವಾಯಿತು. ನೀವೂ ನೋಡಿರುತ್ತೀರಿ, ಈಗ ಎಲ್ಲರೂ ಎಲ್ಲದಕ್ಕೂ ಒತ್ತುವ ಮುಖ ಅದು. ಸಂಜೆಯ ಆನ್‌ಲೈನ್ ತರಗತಿಯಲ್ಲಿ ನಾನು ಮಾಡಿದ ಕೆಲಸ ನೋಡಿ ಯಾರೋ ಒಬ್ಬ ಅದನ್ನು ಒತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ. ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು.

“ಮೊದ್ಲು ಮೈಕು ಬಂದ್ ಐತಾ ನೋಡ್ರಿ,” ಎಂದಳು.

ಬಂದ್ ಇತ್ತು, ಪುಣ್ಯ.

ಚಳ್ಳಕೆರೆಯ ಎಣ್ಣೆಮಿಲ್ಲಿನಲ್ಲಿ ಫಿಟ್ಟರ್ ಆಗಿ ಜೀವನ ಕಳೆದ, ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಮುದುಕನಿಗೆ ಅನಿಮೇಷನ್ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ದಿನಾ ಕೇಳುತ್ತಾಳೆ. ಕನ್ನಡದಲ್ಲೇ ಕಲಿಸುತ್ತೇವೆ ಎಂಬ ಜಾಹೀರಾತು ಫೋನಿನಲ್ಲಿ ಕಂಡಿತು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರ್ ಧೂಳು ತಿನ್ನುತ್ತಿತ್ತು. ಧಾರಾವಾಹಿ ನೋಡಿ ಸಾಕಾಗಿತ್ತು. ಸೇರಿಕೊಂಡೆ. ಮೊದಮೊದಲು ಮೌಸನ್ನು ಮಿಲ್ಲಿನ ಸ್ಪ್ಯಾನರ್ ಹಿಡಿದ ಹಾಗೆ ಹಿಡಿಯುತ್ತಿದ್ದೆ. ಅದು ನನ್ನ ಮಾತು ಕೇಳುತ್ತಿರಲಿಲ್ಲ. ಚೆಂಡು ಪುಟಿಸಿ ಎಂದು ಮೇಡಂ ಹೇಳಿದರೆ, ನನ್ನ ಚೆಂಡು ಸಗಣಿ ಉಂಡೆಯಂತೆ ಬಿದ್ದಲ್ಲೇ ಕೂರುತ್ತಿತ್ತು.

ಆಮೇಲೆ ನಡಿಗೆಯ ಪಾಠ ಬಂತು. ಚೆನ್ನಾಗಿ ಗೊತ್ತಿರುವ ಒಬ್ಬರ ನಡಿಗೆಯನ್ನು ಪರದೆಯ ಮೇಲಿನ ಗೊಂಬೆಗೆ ಕೊಡಿ ಎಂದರು ಮೇಡಂ. ನನ್ನ ಎದೆ ಉಬ್ಬಿತು. ನಡಿಗೆ ಎಂದರೆ ನನ್ನ ವಿದ್ಯೆ. ಮಾಲೀಕರು ಪಂಚೆ ಎತ್ತಿ ಹಿಂಡಿಯ ರಾಶಿ ದಾಟುವುದು, ದಲ್ಲಾಳಿ ಶೇಂಗಾ ಬಾಯಿಗೆಸೆದುಕೊಂಡು ಬರುವುದು, ಎಲ್ಲವನ್ನೂ ನಾನು ಮಾಡಿ ತೋರಿಸಿ ಮಿಲ್ಲಿನವರನ್ನೆಲ್ಲ ನಗಿಸುತ್ತಿದ್ದೆ. ಆದರೆ ಜನ ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಂದನ್ನೇ.

“ಲೇ, ನಿಮ್ಮ ಭಾವನ್ನ ಮಾಡಲೇ.”

ಭಾವ ಎಂದರೆ ಮೊಳಕಾಲ್ಮೂರಿನಲ್ಲಿರುವ ನಮ್ಮ ಅಕ್ಕನ ಗಂಡ, ರೇಷ್ಮೆ ಸೀರೆ ನೇಯುತ್ತಿದ್ದವರು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿದು ತುಳಿದು ಬಲಮಂಡಿ ಕೆಟ್ಟು, ಕುಂಟುತ್ತಿದ್ದರು. ನಾನು ಬಲಗಾಲನ್ನು ಬಾಗಿಲಿನಂತೆ ಬೀಸಿ, ಸೊಂಟ ತಿರುವಿ, ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು.

ನನ್ನ ಮಗಳ ಮದುವೆಯಲ್ಲಿ ಭಾವ ತಾವೇ ನೇಯ್ದ ಸೀರೆಯನ್ನು ತಟ್ಟೆಯಲ್ಲಿಟ್ಟುಕೊಂಡು ಮಂಟಪದತ್ತ ಹೊರಟಿದ್ದರು. ಯಾರೋ ನನಗೆ ಕಣ್ಣು ಹೊಡೆದರು. ನಾನು ಅವರ ಹಿಂದೆಯೇ ಕಾಲು ಬೀಸುತ್ತಾ ನಡೆದೆ. ಇಡೀ ಛತ್ರ ನಕ್ಕಿತು. ಯಾಕೆಂದು ತಿಳಿಯದೆ ಭಾವನೂ ನಕ್ಕರು. ಆಮೇಲೆ ತಿರುಗಿ ನೋಡಿದರು. ಸೀರೆ ಕೊಟ್ಟು, ಅಕ್ಷತೆ ಹಾಕಿ, ಊಟ ಮಾಡದೆ ಬಸ್ಸು ಹತ್ತಿದರು. ಅಂದಿನಿಂದ ಅವರು ಚಳ್ಳಕೆರೆಗೆ ಕಾಲಿಟ್ಟಿಲ್ಲ. ಹಬ್ಬಕ್ಕೆ ಅಕ್ಕ ಒಬ್ಬಳೇ ಬರುತ್ತಾಳೆ. ನಾನೂ ಒಂದು ಮಾತು ಕೇಳಲಿಲ್ಲ. ತಮಾಷೆ ತಡೆದುಕೊಳ್ಳಲಾರದ ಮನುಷ್ಯ ಎಂದು ಅವರ ಮೇಲೇ ಮುನಿಸಿಕೊಂಡೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಪಾಠಕ್ಕೆಂದು ಭಾವನ ನಡಿಗೆಯನ್ನೇ ಆರಿಸಿದೆ. ಮದುವೆಯ ವಿಡಿಯೋ ಕಂಪ್ಯೂಟರಿನಲ್ಲೇ ಇತ್ತು. ನಮ್ಮ ಕೆಲಸದಲ್ಲಿ ವಿಡಿಯೋವನ್ನು ಸುಮ್ಮನೆ ನೋಡುವುದಿಲ್ಲ; ಒಂದೊಂದೇ ಚಿತ್ರವಾಗಿ ಸರಿಸಿ ನೋಡಬೇಕು. ಹಾಗೆ ಸರಿಸುತ್ತಾ ಹೋದೆ. ಮುಂದೆ ಭಾವ, ಕೈಯಲ್ಲಿ ತಟ್ಟೆ. ಹಿಂದೆ ನಾನು, ಹಲ್ಲು ಕಿರಿದು. ಅವರ ಕಾಲು ಬೀಸುತ್ತಲೇ ಇರಲಿಲ್ಲ. ನೋಯುವ ಕಾಲು ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲಲಾರದೆ, ಮೈಭಾರ ಆತುರದಿಂದ ಇನ್ನೊಂದು ಕಾಲಿಗೆ ಬೀಳುತ್ತಿತ್ತು, ಅಷ್ಟೆ. ಬೀಸಾಟವೆಲ್ಲ ನನ್ನದು. ಇನ್ನಷ್ಟು ಸರಿಸಿದೆ. ಅವರು ತಿರುಗಿದರು. ತುಟಿಯ ಮೇಲೆ ನಗು ಇನ್ನೂ ಇತ್ತು, ಕಣ್ಣಿನಿಂದ ಹೋಗಿತ್ತು. ಮುಂದಿನ ಚಿತ್ರದಲ್ಲಿ ತುಟಿಯಿಂದಲೂ ಹೋಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಸರಿಯಾಗಿ ಮಾಡುತ್ತೇನೆ, ಅದೇ ನನ್ನ ಪ್ರಾಯಶ್ಚಿತ್ತ ಎಂದುಕೊಂಡೆ. ವಾರಗಟ್ಟಲೆ ಕೂತು, ಬೀಸಾಟ ಒಂದಿಷ್ಟೂ ಇಲ್ಲದ, ನೋವು ಮಾತ್ರ ಇರುವ ನಡಿಗೆಯನ್ನು ಗೊಂಬೆಗೆ ಕೊಟ್ಟೆ. ತರಗತಿಯಲ್ಲಿ ತೋರಿಸಿದಾಗ ಮೇಡಂ ಹೊಗಳಿದರು, ಕೋರ್ಸಿನ ಕೊನೆಗೆ ಹೊರಗಿನವರಿಗೂ ತೋರಿಸೋಣ ಎಂದರು. ಆಗಲೇ ಆ ಹಳದಿ ಮುಖ ಮೇಲೆ ಬಂದದ್ದು.

ಭಾನುವಾರ ಗೊಂಬೆಯನ್ನು ಫೋನಿಗೆ ಹಾಕಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ನೋಡಿದರೆ ಭಾವನ ಮನಸ್ಸು ಕರಗುತ್ತದೆ ಎಂದು ನಂಬಿದ್ದೆ. ಅವರು ಮಗ್ಗ ಬಿಟ್ಟು ಎಷ್ಟೋ ಕಾಲವಾಗಿದೆ. ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. “ರಾಪ್ಪಾ, ಕೂಚೋ,” ಎಂದು ತೆಲುಗಿನಲ್ಲಿ ಕರೆದು ಪಕ್ಕದ ಜಾಗ ತೋರಿಸಿದರು. ನಾನು ಕೂತ ಕೂಡಲೇ ಫೋನು ಅವರ ಕೈಗಿಟ್ಟೆ. ಅವರು ಎರಡು ಸಲ ನೋಡಿದರು.

“ಇದು ನಾನೇನಾ?”

“ಹೌದು ಭಾವ.”

“ಚೆನ್ನಾಗಿ ಮಾಡಿದ್ದೀಯ. ಎಷ್ಟು ಜನ ನೋಡಿದ್ರು?”

“ಕ್ಲಾಸಿನೋರು ಎಲ್ಲ.”

“ನಕ್ರಾ?”

ಸುಳ್ಳು ಹೇಳಬಹುದಿತ್ತು. “ಒಬ್ಬ ನಕ್ಕ,” ಎಂದೆ.

“ಒಬ್ಬನೇನಾ? ಮದುವೇಲಿ ಜಾಸ್ತಿ ಇದ್ರಲ್ಲಪ್ಪಾ.”

ಬಾಗಿಲಲ್ಲಿ ನಿಂತಿದ್ದ ಅಕ್ಕ, “ಬಿಡ್ರಿ, ಪಾಪ, ಈ ವಯಸ್ಸಲ್ಲಿ ಕಲ್ತು ಮಾಡ್ಕಂಡು ಬಂದವ್ನೆ,” ಎಂದಳು.

“ನಾನೇನಂದೆ? ಅವತ್ತೂ ಮಾಡ್ಲಾ ಅಂತ ನನ್ನ ಒಂದ್ಮಾತು ಕೇಳ್ಲಿಲ್ಲ, ಇವತ್ತೂ ಕೇಳ್ಲಿಲ್ಲ, ಅಷ್ಟೇ.”

ಆಗ ನನಗೆ ಅವರ ಮೇಲೆ ಉರಿಯುವ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಮಾಡಿ ತಂದರೆ ಹೀಗಾ ಅನ್ನುವುದು? ಎದ್ದು ಹೋಗಬೇಕೆಂದು ಚಪ್ಪಲಿ ಹುಡುಕಿದೆ. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಅದನ್ನು ಹುಡುಕುವಾಗ ತಿಳಿಯಿತು. ನಾನು ಅವರನ್ನು ಎರಡನೆಯ ಸಲ ಜನರ ಮುಂದೆ ನಡೆಸಿದ್ದೆ. ಪ್ರಾಯಶ್ಚಿತ್ತ ಎಂದು ಹೆಸರಿಟ್ಟು ಅದೇ ಆಟ ಆಡಿದ್ದೆ. ಎರಡು ಮಾತಿನಲ್ಲಿ ಮುಗಿಯುವುದನ್ನು ಹೇಳಲು ಬಾಯಿ ಬಾರದೆ, ಕಂಪ್ಯೂಟರಿನ ಮುಂದೆ ಕೂತು ಶಭಾಷ್‌ಗಿರಿ ಗಿಟ್ಟಿಸಿಕೊಂಡಿದ್ದೆ.

“ತಪ್ಪಾಯ್ತು ಭಾವ.”

“ಯಾವ್ದು?”

“ಎರಡೂ.”

ಅವರು “ಹೂಂ” ಎಂದರು, ಅಷ್ಟೆ. ಅವರ ಎದುರಿಗೇ ಫೋನಿನಿಂದ ಅದನ್ನು ಅಳಿಸಿದೆ.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಎದ್ದರು. ಬೇಡವೆಂದರೂ ಕೇಳಲಿಲ್ಲ. ಪಕ್ಕದಲ್ಲಿ ಎಷ್ಟು ನಿಧಾನ ನಡೆಯಬೇಕೋ ತಿಳಿಯದೆ ತಡವರಿಸಿದೆ.

“ನೀನು ಮುಂದೆ ನಡಿ,” ಎಂದರು. “ನನ್ನ ಕಾಲು ನೋಡ್ತಾ ಬರಬ್ಯಾಡ.”

ಮುಂದೆ ನಡೆದೆ. ತಿರುಗಿ ನೋಡಲಿಲ್ಲ. ನಾನು ಬಸ್ಸು ಹತ್ತಿ ಕೂತ ಮೇಲೆ ಭಾವ ಕಿಟಕಿಯ ಹತ್ತಿರ ಬಂದು, “ಮಗಳು ಆ ಸೀರೆ ಉಡ್ತಾಳಾ?” ಎಂದು ಕೇಳಿದರು. ಉಡುತ್ತಾಳೆ ಎಂದೆ. ಚಳ್ಳಕೆರೆಗೆ ಬರುತ್ತೇನೆ ಎಂದು ಅವರು ಹೇಳಲಿಲ್ಲ. ಬನ್ನಿ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಕಂಪ್ಯೂಟರಿನಿಂದಲೂ ಆ ಗೊಂಬೆಯನ್ನು ಅಳಿಸಿದ್ದೇನೆ. ಮೇಡಂ ಪಾಪ ಪೇಚಾಡಿಕೊಂಡು, ಬೇರೆ ಯಾರದಾದರೂ ನಡಿಗೆ ಮಾಡಿ ಅಂದಿದ್ದಾರೆ. ಇವತ್ತು ತರಗತಿಗೆ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದೆ.

“ನಿನ್ನ ನಡಿಗೆ ಮಾಡ್ಲಾ?”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, “ಬ್ಯಾಡ,” ಎಂದಳು.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಯಾಕೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕೇಳದೆ ಬಂದು ಕೂತೆ. ನನ್ನ ಸರದಿ ಬಂದಾಗ ಮೈಕು ಹಾಕಿ, ಈ ವಾರ ತೋರಿಸಲು ನನ್ನ ಬಳಿ ಏನೂ ಇಲ್ಲ ಮೇಡಂ ಎಂದೆ.