ಕೇದಾರಕ್ಕೆ ಕಾಲು ಪಳಗಿಸಿದ ಗುರುಶಾಂತಮ್ಮ

೧೯೩೬ರಲ್ಲಿ ಆದೋನಿಯ ಹತ್ತಿ ವ್ಯಾಪಾರಿ ಮರಿಬಸಪ್ಪನ ಹೆಂಡತಿ ಗುರುಶಾಂತಮ್ಮನಿಗೆ ಹಿಮಾಲಯ ನೋಡುವ ಆಸೆ ಹುಟ್ಟಿತು. ವಯಸ್ಸು ಐವತ್ತು ದಾಟಿತ್ತು.

"ಋಷಿಕೇಶದ ತನಕ ರೈಲೈತಿ. ಅಲ್ಲಿಂದ ಕೇದಾರಕ್ಕ ಬೆಟ್ಟದಾಗ ನಡೀಬೇಕು. ಆಗ್ತೈತೇನು ನಿನಗ?" ಎಂದ ಗಂಡ.

ಮರುದಿನ ಬೆಳಗಾಗುತ್ತಲೇ ಆಕೆ ಸೀರೆ ಎತ್ತಿ ಕಟ್ಟಿ ಊರ ಕೋಟೆಗುಡ್ಡ ಹತ್ತತೊಡಗಿದಳು. ಮೊದಮೊದಲು ಅರ್ಧದಾರಿಗೇ ಕೂತುಬಿಡುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ನೆತ್ತಿ ಮುಟ್ಟಿ ನಗುತ್ತಿದ್ದಳು.

ಒಂದು ದಿನ ನೋಡಲೆಂದು ಜೊತೆಗೆ ಬಂದ ಮರಿಬಸಪ್ಪ ಏದುಸಿರು ಬಿಡುತ್ತ ಬಂಡೆಗೆ ಒರಗಿದ. "ನಾನೂ ದಿನಾ ಬರ್ತೀನಿ. ಹತ್ತಿ ಮಾರಾಟ ಮುಗಿದ ಕೂಡಲೇ ಹೊರಡೋಣು. ಕಂಬಳಿ ಎಷ್ಟು ಬೇಕಾದೀತು?"

"ಕಂಬಳಿ ಇರ್ಲಿರಿ! ಮೊದಲು ಹರಿದ್ವಾರದಾಗ ಗಂಗವ್ವನ್ನ ನೋಡೋಣು, ಗೌರಿಕುಂಡದ ಬಿಸಿನೀರಿಗೆ ಇಳಿಯೋಣು, ಆಮ್ಯಾಲ ಹಿಮ!" ಗುಡ್ಡ ಇಳಿಯುವ ತನಕ ಆಕೆಯ ಮಾತು ನಿಲ್ಲಲಿಲ್ಲ.

ವೈಶಾಖದಲ್ಲಿ ಇಬ್ಬರೂ ನಡೆದೇ ಕೇದಾರ ಮುಟ್ಟಿದರು.