ಗಿರಣ್ಯಾಕಿ ಬದುಕಿದ್ದಾಳೆ

ಮಹಾನವಮಿ ಅಮಾವಾಸ್ಯೆಯ ದಿನ ನಮ್ಮ ಅತ್ತೆಯವರು ಹಿರಿಯರಿಗೆ ಇಟ್ಟ ಎಡೆಗಳ ಪಕ್ಕದಲ್ಲಿ ಇನ್ನೊಂದು ಚಿಕ್ಕ ಎಡೆ ಇಟ್ಟರು. ಮಾವನವರ ಫೋಟೋದಿಂದ ಒಂದು ಗೇಣು ಸರಿಸಿ, ಬಾಳೆಎಲೆಯ ತುದಿಯೊಂದನ್ನು ಹಾಸಿ, ಅದರ ಮೇಲೆ ಒಂದು ಹೋಳಿಗೆ, ಸ್ವಲ್ಪ ತುಪ್ಪ, ಬದನೆಕಾಯಿ ಪಲ್ಯ. ಪಲ್ಯ ಬೆಳ್ಳಗಿತ್ತು, ಖಾರದಪುಡಿಯ ಸುಳಿವೇ ಇರಲಿಲ್ಲ.

“ಯಾರಿಗ್ರಿ ಅತ್ತಿ ಇದು?”

“ಗಿರಣ್ಯಾಕಿಗೆ,” ಎಂದರು, ನನ್ನ ಕಡೆ ನೋಡದೆ. “ಆಕಿಗೆ ಖಾರ ರೂಢಿ ಇರಂಗಿಲ್ಲ.”

ಗಿರಣ್ಯಾಕಿ ನಮ್ಮ ಬಳಗದವಳಲ್ಲ, ನಮ್ಮ ಊರಿನವಳೂ ಅಲ್ಲ. ಟಿ.ವಿ.ಯ ಕತೆಯೊಂದರಲ್ಲಿ ಬರುವ ಆಕಾಶದ ಹಡಗಿನ ಇಂಜಿನಿಯರ್ ಆಕೆ.

ಆ ಕತೆಯನ್ನು ಈ ಮನೆಗೆ ತಂದವಳು ನಾನೇ. ನಕ್ಷತ್ರದಿಂದ ನಕ್ಷತ್ರಕ್ಕೆ ತಿರುಗುವ ಹಡಗು, ಅದರೊಳಗಿನ ಮಂದಿ. ನಾನು ಹುಟ್ಟುವುದಕ್ಕೂ ಮೊದಲು ಶುರುವಾದದ್ದು. ಕಪ್ತಾನರು ಬದಲಾದರು, ಹಡಗುಗಳು ಬದಲಾದವು, ಕತೆ ಮಾತ್ರ ಮುಗಿದಿಲ್ಲ. ಕಿತ್ತೂರಿನ ತವರುಮನೆಯಲ್ಲಿ ಸಣ್ಣವಳಿದ್ದಾಗಿನಿಂದ ನೋಡುತ್ತ ಬಂದಿದ್ದೇನೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದಕ್ಕೇ ಎಂದರೆ ಸಿಸ್ಟರುಗಳು ಬೇಸರಪಟ್ಟುಕೊಂಡಾರು. ಈಗ ಬೈಲಹೊಂಗಲದ ಮನೆಯಲ್ಲಿ, ಮಧ್ಯಾಹ್ನದ ಪಾತ್ರೆ ಬೋರಲು ಹಾಕಿದ ಮೇಲೆ ಅದರಲ್ಲಿ ನಾನು ನೋಡದೆ ಉಳಿದ ಹಳೆಯ ಭಾಗಗಳನ್ನು ನೋಡುತ್ತೇನೆ. ಅತ್ತೆಯವರು ಮೊರದ ತುಂಬ ಶೇಂಗಾಕಾಯಿ ಹಾಕಿಕೊಂಡು ಪಕ್ಕಕ್ಕೆ ಕೂಡುತ್ತಿದ್ದರು, ನಾನು ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದೆ.

ಮೊದಲು ಅವರಿಗೆ ಅದು ಬರೀ ಗದ್ದಲ. ಒಂದು ದಿನ ಬಿಳಿಗೂದಲಿನ, ಮೈತುಂಬಿದ ಆ ಇಂಜಿನಿಯರ್ ಹೆಂಗಸು ಯಂತ್ರದ ಕೊಳವೆಗೆ ಕಿವಿ ಹಚ್ಚಿ ನಿಂತಳು. ಅತ್ತೆಯವರ ಕೈ ನಿಂತಿತು. ಅವರು ಮುರಗೋಡದಲ್ಲಿ ಇಪ್ಪತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಒಳಗಿನ ಕೋಣೆಯಲ್ಲಿ ಕುಳಿತೇ ಬೆಲ್ಟು ಸಡಿಲಾದದ್ದು ಹೇಳುತ್ತಿದ್ದರಂತೆ.

“ಈಕಿ ಗಿರಣ್ಯಾಕಿ ಅದಾಳ ನೋಡ,” ಎಂದರು. “ಆ ಟೊಪಗಿ ಹಾಕ್ಕೊಂಡಾಂವಗ ಏನೂ ತಿಳ್ಯಂಗಿಲ್ಲ. ಸುಮ್ನ ಬಟನ್ ಒತ್ತತಾನ.”

ಟೊಪ್ಪಿಗೆಯವನು ಕಪ್ತಾನ.

ಅಂದಿನಿಂದ ಅವರು ನೋಡಿದ್ದೆಲ್ಲ ಆಕೆಯನ್ನೇ. ಶ್ರಾವಣ ಮುಗಿಯುವ ಹೊತ್ತಿಗೆ, ಬೆಂಕಿ ಹತ್ತಿದ ಯಂತ್ರದ ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಆಕೆ ಉಳಿದವರನ್ನು ಉಳಿಸಿದಳು. ಹೊರಗೆ ಎಲ್ಲರೂ ಸಾಲಾಗಿ ನಿಂತು ತಲೆ ಬಾಗಿಸಿದರು. ಅತ್ತೆಯವರು ಎದ್ದು, ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು. ಮತ್ತೆ ಟಿ.ವಿ. ಮುಂದೆ ಕೂಡಲಿಲ್ಲ. ಆಮೇಲೆ ಬಂದದ್ದು ಆ ಎಡೆ.

ದೀಪಾವಳಿಯ ನಂತರ ಹಳೆಯ ಪೇಪರು ಹಾಕಲು ಬಜಾರಿನ ರದ್ದಿ ಅಂಗಡಿಗೆ ಹೋಗಿದ್ದೆ. ಅಂಗಡಿಯ ಚಾಚಾ ಇಂಗ್ಲಿಷ್ ಪುಸ್ತಕ ಬಂದರೆ ನನಗೆಂದು ತೆಗೆದಿಡುತ್ತಾರೆ.

“ಅಕ್ಕಾರ, ನಿಮ್ಮ ಹಡಗದ ಚಿತ್ರದ ಪುಸ್ತಕ ಬಂದಾವ ನೋಡ್ರಿ, ಮೂರು. ನಮ್ಮನಿಯಾಕಿ ಅವಲಕ್ಕಿ ಚೂಡಾ ಪೊಟ್ಟಣ ಕಟ್ಟಾಕ ಹರೀತೇನಿ ಅಂದ್ಲು. ನಾ ಬ್ಯಾಡಂದೆ.”

“ನನ್ನ ಸಲುವಾಗಿ ಏನ್ರಿ ಚಾಚಾ?”

“ಸುಳ್ಳ ಯಾಕ ಹೇಳ್ಲಿ? ಹಾಳಿ ನುಣ್ಣಗ ಐತ್ರಿ, ಎಣ್ಣಿ ಹೀರಂಗಿಲ್ಲ.”

ಟಿ.ವಿ.ಯಲ್ಲಿ ತೋರಿಸದ ಘಟನೆಗಳನ್ನು ಹೇಳಲೆಂದೇ ಇಂಥ ಚಿತ್ರಪುಸ್ತಕಗಳನ್ನು ಹೊರತರುತ್ತಾರೆ ಎಂದು ನನಗೆ ಗೊತ್ತಿತ್ತು. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಪಿನ್ನುಗಳು ತುಕ್ಕು ಹಿಡಿದಿದ್ದವು. ಒಂದರ ಮುಖಪುಟದಲ್ಲಿ ಯಾರೋ ಕಪ್ತಾನನಿಗೆ ಪೆನ್ನಿನಿಂದ ಮೀಸೆ ಬರೆದಿದ್ದರು. ಅಲ್ಲೇ ನಿಂತು ತಿರುವಿದೆ. ಎರಡನೆಯದರ ನಡುವೆ ಗಿರಣ್ಯಾಕಿ! ಕೈಗೆ ಬ್ಯಾಂಡೇಜು, ಮುಂದೆ ಹೊಗೆಯಾಡುವ ಬಟ್ಟಲು. ಗಾಳಿಯ ಕೊಳವೆಯೊಳಗೆ ತೆವಳಿ, ಸಣ್ಣ ದೋಣಿ ಹಿಡಿದು, ಯಾರಿಗೂ ತಿಳಿಯದಂತೆ ಇನ್ನೊಂದು ಲೋಕಕ್ಕೆ ಇಳಿದಿದ್ದಳು. ಪೇಪರು ತೂಗುತ್ತಿದ್ದ ತಕ್ಕಡಿಯ ಕಡೆಗೆ ನೋಡದೆ ನಾನು ಪುಸ್ತಕ ಹಿಡಿದು ಮನೆಗೆ ಓಡಿದೆ.

ಅತ್ತೆಯವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಈಕೀನ ಹೌದು,” ಎಂದರು. “ಕೈಗೆ ಭಾಳ ಸುಟ್ಟೈತೇನ? ಬಟ್ಟಲದಾಗ ಏನೈತಿ, ಗಂಜಿ?” ನಕ್ಕರು. ಮರುಗಳಿಗೆಗೆ ಅವರ ಮುಖ ಇಳಿಯಿತು.

“ಯವ್ವಾ, ಜೀವಂತ ಇದ್ದಾಕಿಗೆ ಎಡಿ ಇಟ್ಟೇನಲ್ಲ!”

ಬದುಕಿದ್ದವರಿಗೆ ಎಡೆ ಇಟ್ಟರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವರ ನಂಬಿಕೆ. ಆ ಮಧ್ಯಾಹ್ನ ರೊಟ್ಟಿ ಮುರಿದರು, ತಿನ್ನಲಿಲ್ಲ.

ಸಂಜೆ ಬಂದ ನನ್ನ ಯಜಮಾನರು ತಾಯಿಗೆ ಸಮಾಧಾನ ಹೇಳಲು ಕುಳಿತರು. “ಅವ್ವಾ, ಪುಸ್ತಕದಾಗಿಂದು ಲೆಕ್ಕಕ್ಕಿಲ್ಲ. ವ್ಯಾಪಾರಕ್ಕ ಮಾಡಿರ್ತಾರ. ಟಿ.ವಿ.ದಾಗ ಸತ್ಳಂದ್ರ ಸತ್ಳು. ನೀ ಇಟ್ಟ ಎಡಿ ಬರೋಬ್ಬರಿ ಐತಿ.”

“ಭಾಳ ಶಾಣ್ಯಾ ಅದಿ. ಆಕಿ ಸತ್ರ ನಿನಗ ಅಡ್ಡಿಲ್ಲೇನು?”

“ಹಂಗಲ್ಲಬೇ. ಸತ್ತಿದ್ರ ನಿಂದು ತಪ್ಪಿಲ್ಲ. ಬದುಕಿದ್ರ ತಪ್ಪು. ಯಾವ್ದು ಬೇಕ ಹೇಳು?”

“ಬದುಕ್ಲಿ,” ಎಂದರು ಅತ್ತೆಯವರು. “ತಪ್ಪು ನಂದ ಇರ್ಲಿ.”

ಆಮೇಲೆ ನನ್ನತ್ತ ತಿರುಗಿದರು. “ನೀ ಇಂಗ್ಲಿಷ್ ಓದಿದಾಕಿ. ಖರೇ ಹೇಳವಾ.”

ನಾನು ಫೋನಿನಲ್ಲಿ ನೋಡಿದೆ. ಯಾವುದು ನಿಜ, ಯಾವುದು ಅಲ್ಲ ಎಂದು ಜಗತ್ತಿನ ತುಂಬ ಮಂದಿ ಜಗಳಾಡುತ್ತಿದ್ದರು. ಕತೆ ತಯಾರಿಸುವವರು ಮಾತ್ರ ಪರದೆಯ ಮೇಲೆ ಬಂದದ್ದಷ್ಟೇ ನಿಜವೆಂದು ಹೇಳಿಬಿಟ್ಟಿದ್ದರು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅತ್ತೆಯವರ ಮುಖ ನೋಡುತ್ತ ನನಗೆ ಅದು ಆಗಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವರು ಒಂದು ಶೇಂಗಾಕಾಯಿ ಒಡೆದರು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.

“ನಿಮ್ಮ ಕಿತ್ತೂರ ಲಡಾಯಿ ಪದಾನ ಹೂಲಿ ಊರಾಂವ ಒಂದ ಥರಾ ಹಾಡ್ತಾನ, ಸಂಗೊಳ್ಳಿ ಊರಾಂವ ಒಂದ ಥರಾ ಹಾಡ್ತಾನ. ಇಬ್ಬರಿಗೂ ತಲಿಗೆ ಪಟಗಾ ಸುತ್ತಿ, ಮರ್ಯಾದಿ ಮಾಡಿ ಕಳಸ್ತೇವಿ. ಇದು ಲೆಕ್ಕಕ್ಕಿಲ್ಲ ಅಂತ ಯಾರರ ಎದ್ದ ಹೋಗ್ಯಾರೇನು? ಪುಸ್ತಕದಾಂವ ಉಳಿಸ್ಯಾನ, ಉಳದ್ಲು. ಈಗ ನಾ ಮಾಡಿದ್ದಕ್ಕ ಏನ ಮಾಡ್ಲಿ ಅದನ್ನ ಹೇಳ.”

ಉಪಾಯ ಅವರಿಗೇ ಗೊತ್ತಿತ್ತು. ಉಡಿ ತುಂಬಬೇಕು. ಮುತ್ತೈದೆಗೆ ಆಯುಷ್ಯ ಹಾರೈಸಿ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕುವ ಆ ಕೆಲಸವನ್ನು ಮಾವನವರು ಹೋದ ಮೇಲೆ ಅವರು ಮಾಡಿರಲೇ ಇಲ್ಲ. ಸೀಮಂತಗಳಲ್ಲಿ ಹಿಂದೆ, ಗೋಡೆಗೆ ಆತು ಕುಳಿತಿರುತ್ತಿದ್ದರು.

“ನೀ ತುಂಬವಾ,” ಎಂದರು. “ನಾ ತುಂಬಾಕ ಬರಂಗಿಲ್ಲ.”

“ಎಡಿ ಇಟ್ಟವ್ರು ನೀವು. ಉಡೀನೂ ನೀವ ತುಂಬ್ರಿ.”

“ಮಂದಿ ಏನಂದಾರು?”

“ಅಷ್ಟ ದೂರದ ಊರಾಗ ಇದನ್ನೆಲ್ಲ ಯಾರ ಕೇಳ್ತಾರ್ರಿ ಅತ್ತಿ? ಅಲ್ಲಿ ಮಂದಿಗೆ ಮೂರ ಮೂರ ಕಣ್ಣು, ನೀಲಿ ಮೈ. ಅವರು ನಿಮ್ಮ ಹಣಿ ನೋಡ್ತಾರೇನು?”

ಅವರು ಬಾಯಿಗೆ ಸೆರಗು ಹಚ್ಚಿ ನಕ್ಕರು.

ಶುಕ್ರವಾರ ನಾನು ಆಕೆಯ ಪರವಾಗಿ ಮಣೆಯ ಮೇಲೆ ಕುಳಿತು, ಸೆರಗಿನಲ್ಲಿ ಪುಸ್ತಕ ಹಿಡಿದೆ. ಅತ್ತೆಯವರು ಹಸಿರು ಕುಪ್ಪಸದ ಬಟ್ಟೆ ಇಟ್ಟರು. ಆಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು. ಮೊದಲ ಬೊಗಸೆ ಅಕ್ಕಿ ಹಾಕುವಾಗ ಕೆಲವು ಕಾಳು ನೆಲಕ್ಕೆ ಬಿದ್ದವು. ಐದನೆಯದರಲ್ಲಿ ಒಂದು ಕಾಳೂ ಬೀಳಲಿಲ್ಲ. “ನೂರ ವರ್ಷ ಬಾಳ ನನ್ನವ್ವ, ಬೆಂಕಿ ಹತ್ರ ಹೋಗಬ್ಯಾಡ,” ಎಂದರು ಪುಸ್ತಕಕ್ಕೆ. ನನ್ನ ಹಣೆಗೂ ಕುಂಕುಮ ಹಚ್ಚಿ, ಗಲ್ಲ ಹಿಡಿದು ಮುದ್ದಿಸಿದರು. ಮದುವೆಯಾಗಿ ಬಂದ ದಿನದ ನಂತರ ಅವರು ಹಾಗೆ ಮಾಡಿದ್ದು ಅದೇ ಮೊದಲು.

ಅಂದು ಎರಡು ಹೋಳಿಗೆ ತಿಂದರು, ಮೂರನೆಯದನ್ನು ಬೇಡವೆನ್ನುತ್ತಲೇ ಬಡಿಸಿಕೊಂಡರು.

ಊಟವಾದ ಮೇಲೆ ನಾನು ಒಲೆ ಒರೆಸುತ್ತಿದ್ದೆ. ಹೊರಗಿನ ಕೋಣೆಯಲ್ಲಿ ಟಿ.ವಿ. ಹಚ್ಚಿದ ಸಪ್ಪಳ.

“ಬಾರವಾ ಲಗೂನ, ಹಡಗ ಹೊಂಟೈತಿ!”

“ಗಿರಣ್ಯಾಕಿ ಇದರಾಗ ಇರಂಗಿಲ್ಲರಿ ಅತ್ತಿ.”

“ಗೊತ್ತೈತಿ. ಆಕಿ ಇಲ್ದ ಇವರು ಹೆಂಗ ನಡಸ್ತಾರ ನೋಡೂಣು, ಬಾ.”